ಪಾಸ್ತಾ ಊಟವೋ, ಫಲಾಹಾರವೋ?

ಒಂದೂರಿನಲ್ಲಿ ಪಾತ್ರೆ ಅಂಗಡಿಯ ಸಾಹುಕಾರರೊಬ್ಬರಿದ್ದರು. ದೊಡ್ಡ ಸಿರಿವಂತರು. ಆ ಊರಿನಲ್ಲಿ ಯಾರ ಮನೆಯ ಮದುವೆಯಾದರೂ ಹಂಡೆ, ಕೊಳಗ, ಕೊಪ್ಪರಿಗೆ ಇವರ ಅಂಗಡಿಯಿಂದಲೇ ಹೋಗಬೇಕು. ಅವರ ಹೆಸರೇನು ಎಂದು ಕೇಳಬೇಡಿ. ಹೆಸರು ಹೇಳಿಬಿಟ್ಟರೆ ನೀವು ಅವರನ್ನು ನೆನೆದುಕೊಂಡು ನಗುತ್ತೀರಿ. ಹೇಳದೇ ಇದ್ದರೆ ನಿಮ್ಮನ್ನೇ ನೀವು ನೋಡಿಕೊಂಡು ನಗಬಹುದು. ನನಗೆ ಬೇಕಾಗಿರುವುದು ಎರಡನೆಯದು.

ಸಾಹುಕಾರರು ಒಳ್ಳೆಯವರು. ದೇವರ ಮೇಲೆ ಭಕ್ತಿ ಇತ್ತು, ತಾಯಿಯ ಮೇಲೆ ಗೌರವ ಇತ್ತು, ಗಿರಾಕಿಗಳ ಜೊತೆ ನಯವಾದ ಮಾತಿತ್ತು. ಜೊತೆಗೆ ತೂಕವೂ ಇತ್ತು. ತೊಂಬತ್ತೆಂಟು ಕಿಲೋ! ನೋಡಿ, ಯಾರೂ ನನ್ನ ಹೊಟ್ಟೆಯ ಕಡೆ ನೋಡಬೇಡಿ. ನಾನು ಹೇಳುತ್ತಿರುವುದು ಸಾಹುಕಾರರ ಸಂಗತಿ.

ಈ ಸಾಹುಕಾರರಿಗೆ ಒಬ್ಬಳೇ ತಂಗಿ. ಅದೇ ಊರಿನಲ್ಲಿ, ಎರಡು ಬೀದಿ ಆಚೆ ಅವಳ ಮನೆ. ಅವಳ ಎರಡೂ ಮೂತ್ರಪಿಂಡ ಕೆಲಸ ನಿಲ್ಲಿಸಿಬಿಟ್ಟಿದ್ದವು. ವಾರಕ್ಕೆ ಮೂರು ದಿನ ಆಸ್ಪತ್ರೆಗೆ ಹೋಗಬೇಕು, ನಾಲ್ಕು ಗಂಟೆ ಯಂತ್ರದ ಪಕ್ಕ ಮಲಗಬೇಕು, ಯಂತ್ರ ಅವಳ ರಕ್ತವನ್ನು ತೊಳೆದು ಕೊಡಬೇಕು. ಹೀಗೆ ಒಂದು ವರ್ಷ ನಡೆದಿತ್ತು. ಕೊನೆಗೆ ಡಾಕ್ಟರು, ಮನೆಯವರು ಯಾರಾದರೂ ಒಂದು ಕಿಡ್ನಿ ಕೊಟ್ಟರೆ ಆಕೆ ಎಲ್ಲರ ಹಾಗೆ ಬದುಕಬಹುದು ಎಂದರು.

ಯಾರು ಕೊಡುತ್ತಾರೆ? ನೀವು ಕೊಡುತ್ತೀರಾ? ಕೈ ಎತ್ತಿ ನೋಡೋಣ. ಎತ್ತಲಿಲ್ಲ. ಪರವಾಗಿಲ್ಲ. ಸಾಹುಕಾರರು ಎತ್ತಿದರು. ಒಂದು ಕ್ಷಣವೂ ಯೋಚಿಸಲಿಲ್ಲ.

"ನನ್ನ ಹತ್ರ ಎರಡಿದೆಯಲ್ಲ ಡಾಕ್ಟ್ರೇ! ಒಂದು ತಗೊಳ್ಳಿ, ನಾಳೆನೇ ತಗೊಳ್ಳಿ" ಎಂದರು.

ರಕ್ತ ಪರೀಕ್ಷೆಯಾಯಿತು, ಹೊಂದಿಕೆಯಾಯಿತು. ಸಕ್ಕರೆ ಕಾಯಿಲೆ ಇಲ್ಲ, ಬಿಪಿ ಇಲ್ಲ. ಎಲ್ಲ ಸರಿಯಾಗಿದೆ. ಆದರೆ ಡಾಕ್ಟರು ಇವರನ್ನು ತೂಕದ ಯಂತ್ರದ ಮೇಲೆ ನಿಲ್ಲಿಸಿದರು, ಮುಳ್ಳು ನೋಡಿದರು, ಕನ್ನಡಕ ತೆಗೆದಿಟ್ಟರು.

"ಸಾಹುಕಾರ್ರೇ, ಇಷ್ಟು ತೂಕ ಇಟ್ಕೊಂಡು ಆಪರೇಷನ್ ಮಾಡಿಸ್ಕೊಂಡ್ರೆ ನಿಮಗೇ ಅಪಾಯ. ತಂಗೀನ ಉಳಿಸೋಕೆ ಹೋಗಿ ಅಣ್ಣನ್ನ ಕಳ್ಕೊಳ್ಳೋಕೆ ನಾನು ತಯಾರಿಲ್ಲ. ಎಂಬತ್ತೆಂಟಕ್ಕೆ ಇಳ್ಕೊಂಡು ಬನ್ನಿ. ಆರು ತಿಂಗಳು ಟೈಮ್. ಆಕೆ ಮೈ ದಿನದಿಂದ ದಿನಕ್ಕೆ ಸೋಲ್ತಾ ಇದೆ, ಅದಕ್ಕಿಂತ ತಡ ಮಾಡಬೇಡಿ" ಎಂದರು.

ಹತ್ತು ಕಿಲೋ. ಅಷ್ಟೇ. ತಂಗಿಯ ಜೀವಕ್ಕೂ ಅಣ್ಣನ ಪ್ರೀತಿಗೂ ನಡುವೆ ಅಡ್ಡ ನಿಂತದ್ದು ಹತ್ತು ಕಿಲೋ! ಅದೂ ಎಲ್ಲಿ ನಿಂತಿದೆ? ಇವರ ಹೊಟ್ಟೆಯ ಮೇಲೇ ನಿಂತಿದೆ.

ಸಾಹುಕಾರರು ಮನೆಗೆ ಬಂದು ಎಲ್ಲರನ್ನೂ ನಡುಮನೆಯಲ್ಲಿ ಕೂರಿಸಿದರು. ತಾಯಿ, ಹೆಂಡತಿ, ಕಾಲೇಜಿಗೆ ಹೋಗುವ ಮಗಳು. ಎಲ್ಲರ ಎದುರಿಗೂ ಕೈ ಮುಗಿದು ಸಂಕಲ್ಪ ಮಾಡಿದರು.

"ಇವತ್ತಿಂದ ನಂದು ದಿನಾ ಒಪ್ಪತ್ತು. ರಾತ್ರಿ ಅನ್ನ ಅನ್ನೋದನ್ನ ಮುಟ್ಟೋದಿಲ್ಲ."

ತಾಯಿ ಕಣ್ಣೊರೆಸಿಕೊಂಡರು. ಹೆಂಡತಿಗೆ ಹೆಮ್ಮೆಯಾಯಿತು. ನೋಡಿ, ಎಂಥ ದೊಡ್ಡ ಮನಸ್ಸು! ನಾವು ಶನಿವಾರ ಒಂದು ದಿನ ಒಪ್ಪತ್ತು ಮಾಡಿದರೆ ಭಾನುವಾರ ಊರಿಗೆಲ್ಲ ಹೇಳಿಕೊಂಡು ಬರುತ್ತೇವೆ. ಈ ಮನುಷ್ಯ ದಿನಾ ಮಾಡಲು ಹೊರಟರು.

ಒಪ್ಪತ್ತು ಅಂದರೇನು? ಒಂದೇ ಹೊತ್ತಿನ ಊಟ. ಮಧ್ಯಾಹ್ನ ಉಣ್ಣುವುದು, ರಾತ್ರಿ ಅನ್ನ ಬಿಡುವುದು. ಹಸಿವು ತಡೆಯಲಾರದವರಿಗೆ ಹಿರಿಯರು ಒಂದಿಷ್ಟು ಫಲಾಹಾರಕ್ಕೆ ಒಪ್ಪಿಗೆ ಕೊಟ್ಟಿದ್ದಾರೆ. ಫಲಾಹಾರ ಅಂದರೆ ಹಣ್ಣಿನ ಆಹಾರ. ಆದರೆ ನಮ್ಮ ಮನೆಗಳಲ್ಲಿ ಫಲಾಹಾರದ ತಟ್ಟೆಯಲ್ಲಿ ಹಣ್ಣು ಕಂಡವರು ಯಾರಾದರೂ ಇದ್ದೀರಾ? ಇದ್ದರೆ ಎದ್ದು ನಿಲ್ಲಿ, ಹಾರ ಹಾಕುತ್ತೇನೆ!

ರಾತ್ರಿ ಏಳೂವರೆಗೆ ಹೆಂಡತಿ ಬಂದು ಕೇಳಿದರು.

"ಏನೂಂದ್ರೆ, ಊಟ ಅಂತೂ ಇಲ್ಲ. ಫಲಾರಕ್ಕೆ ಏನು ಮಾಡ್ಲಿ?"

"ಏನೋ ಒಂದು. ಸ್ವಲ್ಪ ಉಪ್ಪಿಟ್ಟು ಕೆದಕು."

ಉಪ್ಪಿಟ್ಟು ಬಂತು. ತುಪ್ಪ ಹಾಕಿ, ಗೋಡಂಬಿ ಹಾಕಿ, ಪಕ್ಕದಲ್ಲಿ ಗಟ್ಟಿ ಮೊಸರು ಇಟ್ಟುಕೊಂಡು ಬಂತು. ಒಂದು ತಟ್ಟೆ ಮುಗಿಯಿತು. ಆಮೇಲೆ ಇನ್ನೊಂದು ತಟ್ಟೆ. ತಾಯಿ ಪಕ್ಕದಲ್ಲೇ ಕೂತು, "ಇನ್ನೊಂಚೂರು ಹಾಕಿಸ್ಕೊಳೋ. ರಾತ್ರಿ ಊಟ ಬೇರೆ ಬಿಟ್ಟಿದ್ದೀಯ. ಹೊಟ್ಟೆ ಕಾಯಿಸ್ಕೊಂಡು ಕಿಡ್ನಿ ಕೊಡೋಕಾಗತ್ತಾ? ಶಕ್ತಿ ಬೇಡ್ವೇನೋ?" ಎಂದು ಉಪಚಾರ ಮಾಡಿದರು. ಮಾರನೆಯ ದಿನ ದೋಸೆ, ಐದು. ಅದರ ಮಾರನೆಯ ದಿನ ಒಗ್ಗರಣೆ ಅವಲಕ್ಕಿ. ಆಮೇಲೆ ಶಾವಿಗೆ. ಯಾರಾದರೂ ಫೋನ್ ಮಾಡಿ "ಊಟ ಆಯ್ತಾ ಸಾಹುಕಾರ್ರೇ?" ಎಂದರೆ ಇವರು ನಿಟ್ಟುಸಿರು ಬಿಟ್ಟು, "ಎಲ್ಲಿ ಊಟ ಸ್ವಾಮಿ, ನಂದು ಒಪ್ಪತ್ತು" ಎನ್ನುತ್ತಿದ್ದರು. ಬಾಯಿ ಇನ್ನೂ ಒಗ್ಗರಣೆಯ ಶೇಂಗಾ ಅಗಿಯುತ್ತಲೇ ಇರುತ್ತಿತ್ತು.

ಒಂದು ರಾತ್ರಿ ಮಗಳು ಪಾಸ್ತಾ ಮಾಡಿದಳು. ನಿಮಗೆಲ್ಲ ಗೊತ್ತಲ್ಲ ಪಾಸ್ತಾ? ಗೊತ್ತಿಲ್ಲದ ಅಜ್ಜಿಯರಿಗೆ ಹೇಳುತ್ತೇನೆ, ಅದು ಗೋಧಿಯ ಹಿಟ್ಟನ್ನು ಕಲಸಿ, ಕೊಳವೆ ಕೊಳವೆಯಾಗಿ ಒತ್ತಿ, ಒಣಗಿಸಿ ಇಟ್ಟ ಪದಾರ್ಥ. ನಮ್ಮ ಶಾವಿಗೆಗೆ ದೂರದ ನೆಂಟ. ಆ ಹುಡುಗಿ ಹಾಲು, ಬೆಣ್ಣೆ, ಚೀಸ್ ಹಾಕಿ ಬೆಳ್ಳಗೆ ಗಟ್ಟಿ ಗಟ್ಟಿಯಾಗಿ ಮಾಡಿದ್ದಳು. ಸಾಹುಕಾರರು ಒಂದು ಚಮಚ ರುಚಿ ನೋಡಿದರು. ಆಹಾ! ಐವತ್ತೆರಡು ವರ್ಷ ಇದು ಎಲ್ಲಿತ್ತು ಅನ್ನಿಸಿತು.

ಇನ್ನೊಂದು ಚಮಚಕ್ಕೆ ಕೈ ಹಾಕಿದವರು ತಟಕ್ಕನೆ ನಿಂತರು. ಯಾಕೆ? ಧರ್ಮಸಂಕಟ! ರಾತ್ರಿಯ ಹೊತ್ತಲ್ಲವೇ? ಒಪ್ಪತ್ತಲ್ಲವೇ? ಪಾಸ್ತಾ ಊಟವೋ, ಫಲಾಹಾರವೋ?

ನೀವು ನಗುತ್ತೀರಿ. ಆ ಮನೆಯಲ್ಲಿ ಯಾರೂ ನಗಲಿಲ್ಲ. ಅರ್ಧ ಗಂಟೆ ಚರ್ಚೆ ನಡೆಯಿತು. ಹೆಂಡತಿ, ಇದರಲ್ಲಿ ಅಕ್ಕಿ ಇಲ್ಲ, ಹಾಗಾಗಿ ಊಟ ಅಲ್ಲ ಎಂದರು. ಆದರೆ ಕೊನೆಯ ತೀರ್ಪು ತಾಯಿಯದು. ಎಂಬತ್ತು ದಾಟಿದವರು, ಮಡಿ ಮೈಲಿಗೆ ಬಲ್ಲವರು. ಅವರು ಪಾಸ್ತಾದ ಒಂದು ಕೊಳವೆಯನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿದರು.

"ಇದನ್ನ ಬರೀ ನೀರಲ್ಲಿ ಬೇಯಿಸಿದ್ಯೇನೇ?"

"ಹೌದಜ್ಜಿ, ಪಾಸ್ತಾ ಎಲ್ರೂ ಹಾಗೇ ಮಾಡೋದು."

"ಹಾಗಾದ್ರೆ ಅನ್ನದ ಹಾಗೇ ಮುಸುರೆ ಆಯ್ತಲ್ಲೇ! ರಾತ್ರಿ ಒಪ್ಪತ್ತಿಗೆ ನಡೆಯಲ್ಲ. ಉಪ್ಪಿಟ್ಟಿನ ರವೆ ಹುರಿದು ಹಾಕಲ್ವಾ? ಇದನ್ನೂ ಮೊದಲು ಹುರೀಬೇಕು. ತುಪ್ಪದಲ್ಲಿ ಘಮ್ಮಂತ ಹುರಿದು ಆಮೇಲೆ ಬೇಯಿಸು. ಆಗ ದೋಷ ಇಲ್ಲ, ಫಲಾರಕ್ಕೆ ಆಗತ್ತೆ."

ಕೇಳಿದಿರಾ? ಪಾಸ್ತಾ ಹುಟ್ಟಿದ ದೇಶದವರಿಗೆ ಇದು ಹೊಳೆದಿತ್ತೇ? ಪ್ರಪಂಚದಲ್ಲಿ ಯಾರಿಗಾದರೂ ಹೊಳೆದಿತ್ತೇ? ಅಲ್ಲಿಂದ ಮುಂದೆ ಆ ಮನೆಯಲ್ಲಿ ಪಾಸ್ತಾಕ್ಕೆ ಮೊದಲು ಎರಡು ಸೌಟು ತುಪ್ಪ ಬೀಳತೊಡಗಿತು. ಹುರಿದ ಮೇಲೆ ಬೇಯುತ್ತಿತ್ತು, ಬೆಂದ ಮೇಲೆ ಬೆಣ್ಣೆ, ಬೆಣ್ಣೆಯ ಮೇಲೆ ಚೀಸ್. ಸಾಹುಕಾರರು ಹಣೆಗೆ ವಿಭೂತಿ ಇಟ್ಟುಕೊಂಡು, ಕೃಷ್ಣಾರ್ಪಣ ಎಂದು ಹೇಳಿ, ಬೋಗುಣಿಯ ತುಂಬ ಫಲಾಹಾರ ಸ್ವೀಕರಿಸುತ್ತಿದ್ದರು.

ಒಂದು ತಿಂಗಳಾಯಿತು. ಆಸ್ಪತ್ರೆಯ ಯಂತ್ರದ ಮೇಲೆ ನಿಂತರು. ತೊಂಬತ್ತೊಂಬತ್ತು.

ಸಾಹುಕಾರರು ಗಾಬರಿಯಾದರು. "ಇದರಲ್ಲಿ ಏನೋ ಐಬಿದೆ ಡಾಕ್ಟ್ರೇ. ತೂಕದ ವ್ಯಾಪಾರ ನನಗೆ ಗೊತ್ತಿಲ್ವಾ? ತಾಮ್ರದ ಹಂಡೆ ತೂಗಿ ಬೆಳೆದೋನು ನಾನು" ಎಂದರು. ಹೊಸ ಯಂತ್ರ ಕೊಂಡು ತಂದು ಮನೆಯಲ್ಲಿ ಇಟ್ಟು ನಿಂತರು. ಅದೂ ತೊಂಬತ್ತೊಂಬತ್ತೇ ಅಂದಿತು. ಯಂತ್ರಗಳು ಒಂದರ ಜೊತೆ ಒಂದು ಮಾತಾಡಿಕೊಳ್ಳುತ್ತವೆಯೇ?

ಈಗ ತಪ್ಪು ಯಾರ ಮೇಲೆ ಹೊರಿಸಬೇಕು? ನೋಡಿ, ಮನುಷ್ಯನ ಬುದ್ಧಿ ಇಲ್ಲಿದೆ. ಮನೆಗೆ ಹೊಸದಾಗಿ ಬಂದವರು ಯಾರು ಎಂದು ಹುಡುಕುತ್ತೇವೆ. ಮನೆಯಲ್ಲಿ ಏನು ಕೆಟ್ಟರೂ ಹೊಸ ಸೊಸೆಯ ಕಾಲ್ಗುಣ ಅನ್ನುವುದಿಲ್ಲವೇ ನಾವು? ಹಾಗೆಯೇ ಇಲ್ಲಿ ಎಲ್ಲರ ಬೆರಳೂ ಪಾಸ್ತಾದ ಕಡೆ ತಿರುಗಿತು.

"ಎಲ್ಲಾ ಆ ಪರದೇಶಿ ಪದಾರ್ಥದಿಂದ ಆಗಿದ್ದು! ನಾಳೆಯಿಂದ ಈ ಮನೇಲಿ ಪಾಸ್ತಾ ಹೆಸರೆತ್ತಬಾರ್ದು" ಎಂದು ಸಾಹುಕಾರರು ಗುಡುಗಿದರು. ಪೊಟ್ಟಣಗಳನ್ನೆಲ್ಲ ಎತ್ತಿ ಕೆಲಸದವಳಿಗೆ ಕೊಟ್ಟರು. ಮಗಳು ಮುಖ ಊದಿಸಿಕೊಂಡಳು. ಸಾಹುಕಾರರಿಗೆ ದೊಡ್ಡ ತ್ಯಾಗ ಮಾಡಿದ ಸಮಾಧಾನವಾಯಿತು. ಆ ಸಮಾಧಾನಕ್ಕೆ ಎರಡು ದೋಸೆ ಹೆಚ್ಚಾಗಿ ಹಾಕಿಸಿಕೊಂಡರು.

ಎರಡನೆಯ ತಿಂಗಳು ಮುಗಿಯಿತು. ಮುಳ್ಳು ನೂರು ಮುಟ್ಟಿತು. ಪಾಸ್ತಾ ಹೋಯಿತು, ಕಿಲೋ ಬಂತು. ಆರರಲ್ಲಿ ಎರಡು ತಿಂಗಳು ಕಳೆದವು. ತಂಗಿಯ ಕೆನ್ನೆ ಒಳಗೆ ಹೋಗಿತ್ತು, ಕೈ ಕಡ್ಡಿಯಾಗಿತ್ತು. ಸಾಹುಕಾರರಿಗೆ ನಿಜವಾಗಿಯೂ ಭಯವಾಯಿತು. ದೇವರ ಮುಂದೆ ಕೂತು ಮಗುವಿನ ಹಾಗೆ ಅತ್ತರು. "ಸ್ವಾಮೀ, ಊಟ ಬಿಟ್ಟೆ, ಪಾಸ್ತಾ ಬಿಟ್ಟೆ, ಇನ್ನೇನು ಬಿಡ್ಲಪ್ಪಾ?" ಎಂದು ಕೇಳಿದರು. ಕಪಟ ಇರಲಿಲ್ಲ ಕಣ್ರೀ. ಆ ಮನುಷ್ಯ ತಾನು ಏನೂ ತಿನ್ನುತ್ತಿಲ್ಲವೆಂದೇ ನಂಬಿದ್ದರು. ಅದು ನನಗೆ ಬಹಳ ಹೆದರಿಕೆ ತರುವ ವಿಷಯ. ಬೇರೆಯವರಿಗೆ ಮೋಸ ಮಾಡುವವನಿಗೆ ತಾನು ಮಾಡುತ್ತಿರುವುದು ಗೊತ್ತಿರುತ್ತದೆ. ತನಗೇ ಮೋಸ ಮಾಡಿಕೊಳ್ಳುವವನಿಗೆ ಯಾರು ಹೇಳಬೇಕು?

ತಂಗಿಯೇ ಹೇಳಿದಳು. ಹೇಳಬೇಕೆಂದು ಹೇಳಿದ್ದಲ್ಲ, ಮಾತಿಗೆ ಮಾತು ಬಂತು ಅಷ್ಟೇ.

ಒಂದು ಮಧ್ಯಾಹ್ನ ಅವಳು ತವರಿಗೆ ಬಂದಿದ್ದಳು. ಕಡು ಬೇಸಿಗೆ. ಅಣ್ಣ ಓಡಿಹೋಗಿ ದೊಡ್ಡ ಲೋಟದಲ್ಲಿ ಮಜ್ಜಿಗೆ ತಂದರು. ಅವಳು ಲೋಟ ಮುಟ್ಟಲಿಲ್ಲ. ಚೀಲದಿಂದ ಒಂದು ಸಣ್ಣ ಬಾಟಲಿ ತೆಗೆದಳು, ಮುಚ್ಚಳಕ್ಕೆ ಒಂದಿಷ್ಟು ನೀರು ಬಗ್ಗಿಸಿಕೊಂಡಳು, ನಾಲಿಗೆ ನೆನೆಸಿಕೊಂಡು ಮುಚ್ಚಿಟ್ಟಳು. ತುಟಿ ಒಡೆದು ಹೋಗಿತ್ತು.

"ಇದೇನೇ ಇದು? ಹೊಟ್ಟೆ ತುಂಬಾ ಕುಡೀ" ಎಂದರು ಸಾಹುಕಾರರು.

"ಇಲ್ಲಣ್ಣ. ನನಗೆ ದಿನಕ್ಕೆ ಇಷ್ಟೇ ನೀರು. ಹೆಚ್ಚು ಕುಡಿದ್ರೆ ಹೊರಗೆ ಹೋಗೋ ದಾರಿ ಇಲ್ವಲ್ಲ, ಶ್ವಾಸಕೋಶಕ್ಕೆ ತುಂಬ್ಕೊಳತ್ತೆ."

"ನೀರು ಬೇಡ ಅಂದ್ರೆ ಮಜ್ಜಿಗೆ ಕುಡಿ. ಮಜ್ಜಿಗೆ ನೀರಲ್ವಲ್ಲ!"

ತಂಗಿ ನಕ್ಕಳು. "ಮೊದಮೊದಲು ನಾನೂ ಹಾಗೇ ಅಂದ್ಕೊಂಡಿದ್ದೆ ಅಣ್ಣ. ನೀರು ಕುಡೀಲಿಲ್ಲ, ಬರೀ ಎರಡು ಲೋಟ ಕಾಫಿ ಕುಡಿದೆ. ಆವತ್ತು ರಾತ್ರಿ ಉಸಿರು ಕಟ್ಕೊಂಡು ಆಸ್ಪತ್ರೆಗೆ ಹೊತ್ಕೊಂಡು ಹೋದ್ರು. ಈಗ ಕಾಫಿನೂ ನೀರು ಅಂತಲೇ ಲೆಕ್ಕ. ಸಾರೂ ನೀರೇ, ಮಜ್ಜಿಗೇನೂ ನೀರೇ, ಕಲ್ಲಂಗಡಿ ಹೋಳೂ ನೀರೇ. ನಾವು ಮೇಲೆ ಏನಾದ್ರೂ ಹೆಸರಿಟ್ಕೋಬಹುದು. ಒಳಗೆ ಹೋದ್ಮೇಲೆ ಮೈ ಹೆಸರು ಕೇಳಲ್ಲ ಅಣ್ಣ."

ಸಾಹುಕಾರರ ಕೈಯಲ್ಲಿದ್ದ ಮಜ್ಜಿಗೆ ಲೋಟ ಅಲ್ಲೇ ನಿಂತಿತು. ಒಳಗೆ ಹೋದಮೇಲೆ ಮೈ ಹೆಸರು ಕೇಳುವುದಿಲ್ಲ! ಉಪ್ಪಿಟ್ಟು ಫಲಾರ ಎಂದು ಇವರ ಹೊಟ್ಟೆ ಕೇಳಿತ್ತೇ? ದೋಸೆ ಊಟವಲ್ಲ ಎಂದು ಇವರ ರಕ್ತಕ್ಕೆ ಗೊತ್ತಿತ್ತೇ? ಈ ಹೆಣ್ಣುಮಗಳು ಬಾಯಾರಿಕೆಯಿಂದ ತುಟಿ ಒಡೆದುಕೊಂಡು ಒಂದೊಂದು ಹನಿಯನ್ನೂ ನೀರೆಂದೇ ಒಪ್ಪಿಕೊಳ್ಳುತ್ತಿದ್ದಾಳೆ. ಅವಳನ್ನು ಉಳಿಸುತ್ತೇನೆಂದು ಹೊರಟವನು ರಾತ್ರಿ ಐದು ದೋಸೆ ತಿಂದು ಏನೂ ತಿಂದಿಲ್ಲ ಅನ್ನುತ್ತಿದ್ದಾನೆ. ಸಾಹುಕಾರರಿಗೆ ನಾಚಿಕೆಯಾಯಿತು. ಮೈಯೆಲ್ಲ ಬೆವರುವಷ್ಟು ನಾಚಿಕೆ.

ಮಾರನೆಯ ಬೆಳಿಗ್ಗೆ ಆಸ್ಪತ್ರೆಗೆ ಹೋದರು. ಅಲ್ಲಿ ಆಹಾರದ ಸಲಹೆ ಕೊಡುವ ಒಬ್ಬ ಹುಡುಗಿ ಇದ್ದಳು. ಅವಳ ಮುಂದೆ ಕೂತು, ಇಷ್ಟು ದಿನ ದಿನಾ ಬಾಯಿಗೆ ಹೋಗುತ್ತಿದ್ದದ್ದನ್ನೆಲ್ಲ ಒಂದೂ ಬಿಡದೆ ಹೇಳಿದರು. ಬೆಳಗಿನ ಇಡ್ಲಿ ಆಯಿತು, ಅಂಗಡಿಗೆ ಬಂದ ಬೋಂಡ ಆಯಿತು, ಊಟ ಆಯಿತು, ನಾಲ್ಕು ಗಂಟೆಯ ಚಕ್ಕುಲಿ, ದೇವಸ್ಥಾನದ ಪೊಂಗಲ್, ರಾತ್ರಿಯ ದೋಸೆ, ಮಲಗುವಾಗ ಹಾಲು. ಹೇಳುತ್ತಾ ಹೋದರು, ಆ ಹುಡುಗಿ ಬರೆಯುತ್ತಾ ಹೋದಳು. ಹಾಳೆ ತಿರುಗಿಸಬೇಕಾಯಿತು.

"ಪಾಸ್ತಾ ಬಿಟ್ಟು ಒಂದು ತಿಂಗಳಾಯ್ತಮ್ಮ" ಎಂದು ಕೊನೆಗೆ ಸಾಹುಕಾರರು ತಮ್ಮ ಪುಣ್ಯವನ್ನೂ ಸೇರಿಸಿದರು.

ಹುಡುಗಿ ನಗು ತಡೆಯಲಾರದೆ ಬಾಯಿಗೆ ಕೈ ಅಡ್ಡ ಹಿಡಿದಳು. "ಪಾಪ, ಪಾಸ್ತಾ ಏನು ಮಾಡಿತ್ತು ಸಾರ್? ಅದನ್ನ ತಿಂದೂ ತೂಕ ಇಳಿಸಬಹುದು. ಒಣ ಪಾಸ್ತಾ ಒಂದು ಹಿಡಿ ತಗೊಳ್ಳಿ, ಎರಡು ಹಿಡಿ ಅಲ್ಲ. ನೀರಲ್ಲಿ ಬೇಯಿಸಿ. ಬೀನ್ಸು, ಕ್ಯಾರೆಟ್ಟು, ದಪ್ಪ ಮೆಣಸಿನಕಾಯಿ, ಸೊಪ್ಪು ಅದರ ಎರಡರಷ್ಟು ಹಾಕಿ. ಜೊತೆಗೆ ಬೆಂದ ಕಡ್ಲೆ ಕಾಳು ಒಂದು ಬಟ್ಟಲು. ಬೆಣ್ಣೆ ಬೇಡ, ಟೊಮೇಟೊ ಗೊಜ್ಜು ಮಾಡಿ ಕಲಸಿ, ಎಣ್ಣೆ ಒಂದೇ ಚಮಚ. ಆದ್ರೆ ಒಂದು ಮಾತು. ಅದನ್ನ ತಿಂದ್ಮೇಲೆ ನಿಮ್ಮ ಊಟ ಆಯ್ತು. ಅದರ ಮೇಲೆ ಫಲಾರ ಇಲ್ಲ."

"ತುಪ್ಪದಲ್ಲಿ ಹುರಿಯೋದು?" ಎಂದು ಸಾಹುಕಾರರು ಮೆಲ್ಲಗೆ ಕೇಳಿದರು.

"ಯಾಕೆ ಸಾರ್ ಹುರೀಬೇಕು?"

ಸಾಹುಕಾರರು ಕಾರಣ ಹೇಳಲಿಲ್ಲ. ನೀವಾದರೂ ಹೇಳುತ್ತಿದ್ದಿರಾ?

ಅಂದು ರಾತ್ರಿ ಮನೆಗೆ ಬಂದು, "ನನ್ನ ಒಪ್ಪತ್ತು ಮುಗೀತು. ನಾನು ರಾತ್ರಿ ಊಟ ಮಾಡ್ತೀನಿ" ಎಂದರು. ತಾಯಿ ಹೌಹಾರಿದರು. ಮಗಳು ಪಾಸ್ತಾ ಮಾಡಿದಳು, ಬರೀ ನೀರಿನಲ್ಲಿ ಬೇಯಿಸಿ, ತರಕಾರಿ ಸುರಿದು. ಒಂದು ತಟ್ಟೆ. ತಾಯಿ ಸೌಟು ಹಿಡಿದು ಬಂದರು, "ಇನ್ನೊಂಚೂರು..."

ಸಾಹುಕಾರರು ತಟ್ಟೆಯ ಮೇಲೆ ಕೈ ಅಡ್ಡ ಇಟ್ಟರು. "ಬೇಡಮ್ಮ. ಊಟ ಆಯ್ತು. ಇದು ಊಟ ಕಣಮ್ಮ, ಮೊದಲಿಂದಲೂ ಊಟವೇ ಆಗಿತ್ತು. ನಾನು ಸುಳ್ಳು ಹೇಳ್ಕೊಂಡು ತಿಂತಿದ್ದೆ. ನೀನು ಸೌಟಲ್ಲಿ ಹಾಕ್ತಿರೋದು ನಿನ್ನ ಮಗಳ ಆಪರೇಷನ್ನನ್ನ ಒಂದೊಂದು ದಿನ ಮುಂದಕ್ಕೆ ಹಾಕ್ತಾ ಇದೆ."

ಆ ತಾಯಿ ಅಲ್ಲೇ ಕೂತುಬಿಟ್ಟರು. ಮಗನಿಗೆ ಬಡಿಸುವ ಕೈಯೇ ಮಗಳ ಜೀವಕ್ಕೆ ಅಡ್ಡ ಬರುತ್ತಿದೆ ಎಂದು ಆಕೆಗೆ ಹೇಗೆ ಗೊತ್ತಿರಬೇಕು? ಸ್ವಲ್ಪ ಹೊತ್ತು ಅತ್ತರು. ಆಮೇಲೆ ಆ ಮನೆಯಲ್ಲಿ ಸಾಹುಕಾರರಿಗೆ ಅವರಿಗಿಂತ ಗಟ್ಟಿ ಕಾವಲುಗಾರರು ಇರಲಿಲ್ಲ. ಅಂಗಡಿಗೆ ಬೋಂಡ ಹೋಗಿದೆಯೇ ಎಂದು ಫೋನ್ ಮಾಡಿ ವಿಚಾರಿಸುತ್ತಿದ್ದರು!

ಮೂರು ತಿಂಗಳಿಗೆ ತೊಂಬತ್ತೇಳು. ನಾಲ್ಕಕ್ಕೆ ತೊಂಬತ್ತನಾಲ್ಕು. ಐದಕ್ಕೆ ತೊಂಬತ್ತೊಂದು. ಆರನೆಯ ತಿಂಗಳ ಕೊನೆಯ ದಿನ ಸಾಹುಕಾರರು ಯಂತ್ರದ ಮುಂದೆ ನಿಂತು ವಾಚು ತೆಗೆದರು, ಬೆಲ್ಟು ತೆಗೆದರು, ಜೇಬಿನ ಬೀಗದ ಕೈ ಗೊಂಚಲು ತೆಗೆದರು, ಕೊನೆಗೆ ಕನ್ನಡಕವನ್ನೂ ತೆಗೆದು ಹತ್ತಿದರು. ಕನ್ನಡಕ ಇಲ್ಲದೆ ಮುಳ್ಳು ಕಾಣಲಿಲ್ಲ. "ಎಷ್ಟಮ್ಮಾ, ಎಷ್ಟು?" ಎಂದು ನರ್ಸನ್ನು ಕೇಳುತ್ತಿದ್ದಾರೆ. ಎಂಬತ್ತೊಂಬತ್ತು.

ಒಂದು ಕಿಲೋ ಉಳಿದಿತ್ತು. ಸಾಹುಕಾರರು ಗೊಣಗಲಿಲ್ಲ, ಯಂತ್ರವನ್ನು ಬೈಯಲಿಲ್ಲ, ಯಾರ ಮೇಲೂ ತಪ್ಪು ಹೊರಿಸಲಿಲ್ಲ. "ಅದು ಕಳೆದ ವಾರದ ಮದುವೆ ಊಟ ಡಾಕ್ಟ್ರೇ. ಹೋಳಿಗೆ ಮೂರು ತಿಂದೆ. ಹದಿನೈದು ದಿನ ಕೊಡಿ" ಎಂದರು. ಡಾಕ್ಟರು ಆ ಮುಖ ನೋಡಿ ಕೊಟ್ಟರು. ಹದಿನಾಲ್ಕನೆಯ ದಿನಕ್ಕೆ ಎಂಬತ್ತೆಂಟು ಆಯಿತು.

ಆಪರೇಷನ್ ಆಯಿತು. ಅಣ್ಣನ ಕಿಡ್ನಿ ತಂಗಿಯ ಹೊಟ್ಟೆಯಲ್ಲಿ ಕೆಲಸ ಹಿಡಿಯಿತು. ಕೆಲವು ದಿನ ಕಳೆದು, ಇಬ್ಬರನ್ನೂ ಒಂದೇ ಕೋಣೆಯಲ್ಲಿ ಕೂರಿಸಿದಾಗ ನರ್ಸು ಒಂದು ದೊಡ್ಡ ಲೋಟ ನೀರು ತಂದು ತಂಗಿಯ ಕೈಗೆ ಕೊಟ್ಟಳು. ಪೂರ್ತಿ ಕುಡಿಯಿರಿ, ಇನ್ನು ಮೇಲೆ ಚೆನ್ನಾಗಿ ನೀರು ಕುಡಿಯಬೇಕು ಎಂದಳು. ತಂಗಿ ಲೋಟ ನೋಡಿದಳು, ಅಣ್ಣನನ್ನು ನೋಡಿದಳು. ಎತ್ತಿ ಗಟಗಟ ಕುಡಿದಳು. ಗಲ್ಲದ ಮೇಲೆಲ್ಲ ನೀರು ಹರಿಯಿತು. ಒಂದೂವರೆ ವರ್ಷದ ಮೇಲೆ ಒಂದು ಲೋಟ ನೀರು! ಸಾಹುಕಾರರು ಅದನ್ನು ನೋಡಿ ನಗಲು ಹೋಗಿ, ಹೊಲಿಗೆ ನೋಯಿತೆಂದು ಹೊಟ್ಟೆ ಹಿಡಿದುಕೊಂಡು ಅತ್ತರು.

ಕಥೆ ಮುಗಿಯಿತು. ಈಗ ನಿಮ್ಮ ಕಡೆ ಬರುತ್ತೇನೆ. ಏಳಬೇಡಿ, ಏಳಬೇಡಿ, ಅನಸೂಯಮ್ಮನವರೇ, ಚಪ್ಪಲಿ ಎಲ್ಲೂ ಹೋಗುವುದಿಲ್ಲ.

ನೀವೆಲ್ಲ ಸಾಹುಕಾರರನ್ನು ನೋಡಿ ನಕ್ಕಿರಿ. ಅವರು ತಿಂಡಿಗೆ ಮಾತ್ರ ಬೇರೆ ಹೆಸರಿಟ್ಟರು. ನಾವು? ಪಕ್ಕದ ಮನೆಯವರ ಮೇಲೆ ಚಾಡಿ ಹೇಳುತ್ತೇವೆ, ಅದಕ್ಕೆ ಏನು ಹೆಸರು? "ಚಾಡಿ ಅಲ್ಲಪ್ಪ, ಸುಮ್ನೆ ವಿಷಯ ಹೇಳಿದೆ." ಸುಳ್ಳು ಹೇಳುತ್ತೇವೆ, "ಸುಳ್ಳೇನಲ್ಲ, ಪೂರ್ತಿ ಹೇಳಲಿಲ್ಲ ಅಷ್ಟೇ." ಹೊಟ್ಟೆಕಿಚ್ಚು ಪಡುತ್ತೇವೆ, "ನನಗೇನು, ಅವರ ಒಳ್ಳೇದಕ್ಕೆ ಹೇಳ್ದೆ." ಎಲ್ಲವನ್ನೂ ಒಂದಿಷ್ಟು ತುಪ್ಪದಲ್ಲಿ ಹುರಿದುಬಿಟ್ಟಿದ್ದೇವೆ, ದೋಷ ಇಲ್ಲ! ಆಮೇಲೆ ದೇವರ ಮುಂದೆ ಕೂತು, ಇಷ್ಟು ಪೂಜೆ ಮಾಡಿದರೂ ಮನಸ್ಸಿಗೆ ನೆಮ್ಮದಿ ಯಾಕಿಲ್ಲ ಎಂದು ಅಳುತ್ತೇವೆ. ಮುಳ್ಳು ಯಾಕೆ ಇಳಿಯುತ್ತಿಲ್ಲ ಎಂದು ಯಂತ್ರ ಬದಲಾಯಿಸುತ್ತೇವೆ.

ಹಾಗಾದರೆ ಏನು ಮಾಡಬೇಕು? ಪಾಸ್ತಾ ಬಿಡಬೇಕೆಂದು ನಾನು ಹೇಳುವುದಿಲ್ಲ. ತಿನ್ನಿ, ಹಿತವಾಗಿ ತಿನ್ನಿ, ತಿಂದದ್ದನ್ನು ತಿಂದೆ ಅನ್ನಿ. ಯಾರಾದರೂ ಊಟ ಆಯಿತೇ ಎಂದು ಕೇಳಿದರೆ ಎರಡು ತಟ್ಟೆ ಉಪ್ಪಿಟ್ಟು ತಿಂದವರು ಇಲ್ಲ ಅನ್ನಬೇಡಿ. ಇದು ಸಣ್ಣ ಅಭ್ಯಾಸ, ನಾಳೆ ಬೆಳಗಿನ ತಿಂಡಿಯಿಂದಲೇ ಶುರು ಮಾಡಬಹುದು. ಬಾಯಿಗೆ ಹೋದದ್ದನ್ನು ಒಪ್ಪಿಕೊಳ್ಳಲು ಕಲಿತವನಿಗೆ ಬಾಯಿಂದ ಹೊರಬಿದ್ದದ್ದನ್ನು ಒಪ್ಪಿಕೊಳ್ಳುವುದೂ ಬರುತ್ತದೆ. ಇವತ್ತು ಬೆಳಿಗ್ಗೆಯಿಂದ ಯಾರಿಗಾದರೂ ಬೈದಿದ್ದರೆ, ಮನೆಗೆ ಹೋಗಿ ಅವರ ಎದುರಿಗೆ ನಿಂತು "ಬೈದುಬಿಟ್ಟೆ" ಎಂದು ಹೇಳಿ. "ಏನೋ ಬುದ್ಧಿ ಹೇಳ್ದೆ" ಅನ್ನಬೇಡಿ. ಅಷ್ಟು ಸಾಕು. ಅದಕ್ಕೆ ಹತ್ತು ಕಿಲೋ ಇಳಿಸಿದಷ್ಟು ಕಷ್ಟವಿದೆ, ನನಗೆ ಗೊತ್ತು.

ಹೇಗೆ ಗೊತ್ತು ಎನ್ನುತ್ತೀರಾ? ಹೇಳಿಬಿಡುತ್ತೇನೆ. ಇವತ್ತು ಬೆಳಿಗ್ಗೆ ಈ ಶಾಲು ಇಸ್ತ್ರಿ ಆಗಿಲ್ಲ ಎಂದು ನಾನು ನನ್ನ ಹೆಂಡತಿಗೆ ಬಾಯಿಗೆ ಬಂದಂತೆ ಅಂದೆ. ಆಕೆ ಕಣ್ಣೀರು ಹಾಕಿಕೊಂಡು ಇಸ್ತ್ರಿ ಮಾಡಿದಳು. ಇಲ್ಲಿಗೆ ಬರುವ ದಾರಿಯುದ್ದಕ್ಕೂ ನಾನು ಅದಕ್ಕೆ ಶಿಸ್ತು ಎಂದು ಹೆಸರಿಟ್ಟುಕೊಂಡು ಬಂದೆ. ಆಕೆ ಅಲ್ಲಿ, ಮೂರನೆಯ ಸಾಲಿನ ಕಂಬದ ಪಕ್ಕದಲ್ಲಿ ಕೂತಿದ್ದಾಳೆ. ಎಲ್ಲರೂ ತಿರುಗಿ ನೋಡಬೇಡಿ, ಆಕೆಗೆ ಸಂಕೋಚ.

ವಿಶಾಲೂ, ಬೆಳಿಗ್ಗೆ ಬೈದೆ ಕಣೇ. ತಪ್ಪಾಯ್ತು.

ಸರಿ, ನಾನು ಹೇಳಿದೆ. ಇನ್ನು ನೀವೆಲ್ಲ ಎದ್ದು ಮನೆಗೆ ನಡೆಯಿರಿ.